ಬಿಟ್ಟು ಬರುವುದು, ಒಪ್ಪಿಸಿ ಬರುವುದು

ಚೆನ್ನೈಯಲ್ಲಿರುವ ನಾವು ಕನ್ನಡಿಗರು ಊರಿಗೆ ಫೋನ್ ಮಾಡುವಾಗ ಎರಡು ಸುದ್ದಿಗಳನ್ನು ಎರಡು ದನಿಯಲ್ಲಿ ಹೇಳುತ್ತೇವೆ. ‘ಮೊಮ್ಮಗನ್ನ ಪ್ಲೇ ಸ್ಕೂಲಿಗೆ ಸೇರಿಸಿದ್ವಿ’ ಅನ್ನುವುದನ್ನು ಗಟ್ಟಿಯಾಗಿ, ‘ಅಮ್ಮನ್ನ ಹಗಲುಹೊತ್ತು ಡೇ ಕೇರಿಗೆ ಕಳಿಸ್ತೀವಿ’ ಅನ್ನುವುದನ್ನು ಮೆಲ್ಲಗೆ. ಯೋಚಿಸಿ ನೋಡಿದರೆ ಎರಡು ಕಡೆಯೂ ನಡೆಯುವುದು ಒಂದೇ. ಬೆಳಿಗ್ಗೆ ಒಂಬತ್ತಕ್ಕೆ ಆಟೋ ಬರುತ್ತದೆ. ಚೀಲದಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಒಂದು ಜೊತೆ ಬದಲಿ ಬಟ್ಟೆ. ಬಾಗಿಲಲ್ಲಿ ಒಬ್ಬ ಆಯಾ ನಿಂತಿರುತ್ತಾರೆ. ಸಾಯಂಕಾಲ ಹೋಗಿ ಕರೆದುಕೊಂಡು ಬರಬೇಕು. ಹೀಗಿರುವಾಗ ಮೂರು ವರ್ಷದ ಮಗುವಿನ ವಿಷಯದಲ್ಲಿ ಹೆಮ್ಮೆ ಅನ್ನಿಸುವುದು ಎಂಬತ್ತೈದು ವರ್ಷದ ತಾಯಿಯ ವಿಷಯದಲ್ಲಿ ಯಾಕೆ ನಾಚಿಕೆ ಅನ್ನಿಸಬೇಕು? ನಮ್ಮವರನ್ನು ಪರರ ಕೈಗೆ ಒಪ್ಪಿಸುವುದು ಕರ್ತವ್ಯದಿಂದ ಜಾರಿಕೊಳ್ಳುವುದೇ?

ನಾನು ತತ್ವಶಾಸ್ತ್ರ ಓದಿದವಳಲ್ಲ. ಬ್ಯಾಂಕಿನ ಕೆಲಸ ನನ್ನನ್ನು ಮಲೆನಾಡಿನಿಂದ ಈ ಊರಿಗೆ ತಂದು ಹಾಕಿತು. ಲೆಕ್ಕ ನೋಡುವುದು ಅಭ್ಯಾಸ. ಆದರೆ ಈ ಲೆಕ್ಕ ಅಷ್ಟು ಸುಲಭದ್ದಲ್ಲ ಅಂತ ನನ್ನ ಅಮ್ಮ ಇಲ್ಲಿ ಕಳೆದ ಕೊನೆಯ ಮೂರು ವರ್ಷಗಳಲ್ಲಿ ಗೊತ್ತಾಯಿತು.

ಮೊದಲು ನಾಚಿಕೆಯ ಮೂಲ ಯಾವುದು ನೋಡೋಣ. ನಮ್ಮ ಮನಸ್ಸಿನಲ್ಲಿ ಒಂದು ಊರಿನ ಮನೆ ಇದೆ. ಅಲ್ಲಿ ಜಗಲಿ, ಜಗಲಿಯ ಮೇಲೆ ಅಜ್ಜ, ಅಂಗಳದಲ್ಲಿ ಮಕ್ಕಳು. ಯಾರೂ ಯಾರನ್ನೂ ಎಲ್ಲಿಗೂ ಕಳಿಸಬೇಕಾಗಿರಲಿಲ್ಲ. ಈ ಚಿತ್ರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಆ ಮನೆಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳು ಇಡೀ ದಿನ ಕತ್ತಲೆಯಲ್ಲಿ ಮಲಗಿರುತ್ತಿದ್ದುದೂ ಉಂಟು. ಮೈತೊಳೆದು ಊಟ ಮಾಡಿಸುತ್ತಿದ್ದವಳು ಸೊಸೆ. ಬೇಕೇ ಬೇಡವೇ ಅಂತ ಆಕೆಯನ್ನು ಕೇಳಿದವರಿಲ್ಲ. ಮಗ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ‘ನಾವು ತಂದೆತಾಯಿಯನ್ನು ನೋಡಿಕೊಳ್ಳುತ್ತಿದ್ದೇವೆ’ ಅನ್ನುತ್ತಿದ್ದ. ಅಂದರೆ ಆಗಲೂ ಕರ್ತವ್ಯ ಒಬ್ಬರದು, ಕೈ ಇನ್ನೊಬ್ಬರದು. ಆ ಕೈ ಮನೆಯೊಳಗೇ ಇತ್ತು, ಸಂಬಳ ಕೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಮಕ್ಕಳ ವಿಷಯದಲ್ಲಿ ನಾಚಿಕೆ ಹೋದದ್ದೂ ತಾನಾಗಿ ಅಲ್ಲ. ಅದಕ್ಕೆ ಬಹಳ ಜನ ದುಡಿದಿದ್ದಾರೆ, ಅವರಲ್ಲಿ ಕೆಲವರು ಈ ಊರಿನಲ್ಲೇ. ಇಟಲಿಯ ಮರಿಯಾ ಮಾಂಟೆಸರಿ 1939ರಲ್ಲಿ ಶಿಕ್ಷಕರಿಗೆ ತರಬೇತಿ ಕೊಡಲು ಇಲ್ಲಿನ ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಗೆ ಬಂದಾಗ ಅವರ ವಯಸ್ಸು 69. ಯುದ್ಧದಲ್ಲಿ ಇಟಲಿ ಬ್ರಿಟಿಷರ ಶತ್ರುದೇಶವಾದ್ದರಿಂದ ಹಿಂತಿರುಗಲಾಗದೆ 1946ರವರೆಗೆ ಭಾರತದಲ್ಲೇ ಉಳಿದರು. ಮನೆಯಿಂದ ಇಷ್ಟು ದೂರ, ಭಾಷೆ ಬಾರದ ಊರಿನಲ್ಲಿ, ನಮ್ಮ ಈಗಿನ ಡೇ ಕೇರಿಗೆ ಸೇರುವ ವಯಸ್ಸಿನ ಹೆಂಗಸೊಬ್ಬರು ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ದೊಡ್ಡವರಿಗೆ ಕಲಿಸಿದರು. ಆಮೇಲೆ 1970ರ ದಶಕದ ಆರಂಭದಲ್ಲಿ ಶಾಲಾಪೂರ್ವ ಮಕ್ಕಳ ಬೆಳವಣಿಗೆಯ ಬಗ್ಗೆ ಕೇಂದ್ರಕ್ಕೆ ವರದಿ ಕೊಟ್ಟ ಅಧ್ಯಯನ ತಂಡದ ಮುಖ್ಯಸ್ಥೆ ಮೀನಾ ಸ್ವಾಮಿನಾಥನ್. ಅವರೂ ಬಹುಕಾಲ ಚೆನ್ನೈಯಲ್ಲೇ ಇದ್ದು 2022ರಲ್ಲಿ ತೀರಿಕೊಂಡರು. ಅಂಥ ಚಿಂತನೆಯ ಬೆನ್ನಿಗೇ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲಿಗೆ ಆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿ ಅನ್ನುವ ಹೆಸರಿನಲ್ಲೇ ನಮ್ಮ ಅಂಗಳ ಇದೆ. ಮನೆಯ ಅಂಗಳ ಚಿಕ್ಕದಾದಾಗ ಊರಿಗೊಂದು ಅಂಗಳ ಮಾಡಿಕೊಳ್ಳೋಣ ಅನ್ನುವುದೇ ಅದರ ಅರ್ಥ ಅಂತ ನಾನು ತಿಳಿದಿದ್ದೇನೆ.

ದೊಡ್ಡವರ ಹಗಲು ಆರೈಕೆಗೂ ಇಲ್ಲಿ ಹಾಗೆ ದಾರಿ ಮಾಡಿದವರಿದ್ದಾರೆ. ಡಾಕ್ಟರ್ ಶಾರದಾ ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ, 1923ರಲ್ಲಿ. ಕೀಳ್ಪಾಕಿನ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನು ಬಹುವರ್ಷ ನಡೆಸಿದರು. ನಿವೃತ್ತರಾದ ಮೇಲೆ, 1984ರಲ್ಲಿ, ಸ್ಕಾರ್ಫ್ ಎಂಬ ಸಂಸ್ಥೆ ಕಟ್ಟಿದರು. ಸ್ಕಿಜೋಫ್ರೇನಿಯಾ ಇರುವವರನ್ನು ಗೋಡೆಯೊಳಗೆ ಕೂಡಿಹಾಕದೆ, ಹಗಲು ಬಂದು ಕೆಲಸ ಕಲಿತು ಸಂಜೆ ಮನೆಗೆ ಹೋಗುವಂತೆ ಮಾಡುವುದು ಅಲ್ಲಿನ ಕೆಲಸಗಳಲ್ಲಿ ಒಂದು. ಮರೆವಿನ ಕಾಯಿಲೆಯವರಿಗೂ ಆ ಸಂಸ್ಥೆ ಆಮೇಲೆ ವ್ಯವಸ್ಥೆ ಮಾಡಿತು. 2021ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಪತ್ರಿಕೆ ಓದುವವರಲ್ಲಿ ಎಷ್ಟು ಜನರಿಗೆ ಅವರು ಮಂಗಳೂರಿನಲ್ಲಿ ಹುಟ್ಟಿದವರು ಅಂತ ಗೊತ್ತಿತ್ತೋ ಕಾಣೆ. ಬೆಂಗಳೂರಿನಲ್ಲೂ 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ವಯಸ್ಸಾದವರಿಗಾಗಿ ಇಂಥ ಕೆಲಸ ಮಾಡುತ್ತ ಬಂದಿದೆ.

ಇಷ್ಟಾದರೂ ಮನಸ್ಸು ಒಪ್ಪುವುದಿಲ್ಲ. ನನ್ನ ಚಿಕ್ಕಮ್ಮನ ಮಗ ಸಾಗರದಿಂದ ಫೋನ್ ಮಾಡಿ, ‘ಅಕ್ಕಾ, ದೊಡ್ಡಮ್ಮನ್ನ ದಿನಾ ಎಲ್ಲೋ ಬಿಟ್ಟು ಬರ್ತೀರಂತೆ, ಹೌದಾ?’ ಅಂತ ಕೇಳಿದ್ದ. ಅವನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು ಅಂತ ನಾನು ಎದುರುತ್ತರ ಕೊಡಬಹುದಿತ್ತು. ಕೊಡಲಿಲ್ಲ. ಯಾಕೆಂದರೆ ಎರಡರ ನಡುವೆ ನಿಜವಾದ ವ್ಯತ್ಯಾಸಗಳಿವೆ, ಅವನ್ನು ಮುಚ್ಚಿಡಬಾರದು.

ಒಂದು, ಮಗು ಲೋಕದ ಕಡೆಗೆ ಹೋಗುತ್ತಿದೆ. ಇವತ್ತು ಅತ್ತರೂ ನಾಳೆ ಅಕ್ಷರ ಕಲಿಯುತ್ತದೆ, ಗೆಳೆಯರನ್ನು ಮಾಡಿಕೊಳ್ಳುತ್ತದೆ. ಅದರ ಅಳುವಿಗೆ ಮುಂದೆ ಬೆಲೆ ಸಿಗುತ್ತದೆ ಅಂತ ನಮಗೆ ನಂಬಿಕೆ. ಮುದುಕರ ವಿಷಯದಲ್ಲಿ ಆ ಮುಂದೆ ಅನ್ನುವುದೇ ಇಲ್ಲ. ಅವರಿಗೆ ಇವತ್ತು ಆದ ಬೇಸರಕ್ಕೆ ನಾಳೆ ಯಾವ ಪರಿಹಾರವೂ ಬರುವುದಿಲ್ಲ. ಅದಕ್ಕೇ ಅವರ ಒಂದೊಂದು ದಿನವೂ ಅದರಷ್ಟಕ್ಕೇ ಚೆನ್ನಾಗಿರಬೇಕು. ಎರಡು, ಮಗುವಿಗೆ ಒಪ್ಪಿಗೆ ಕೇಳುವ ಪದ್ಧತಿ ಇಲ್ಲ. ಆದರೆ ಎಂಬತ್ತು ವರ್ಷ ತನ್ನ ಇಷ್ಟದಂತೆ ಬದುಕಿದವರನ್ನು ‘ಬನ್ನಿ, ಹೋಗೋಣ’ ಅಂತ ಎಬ್ಬಿಸಿ ಕರೆದೊಯ್ಯುವುದು ಬೇರೆಯೇ ಮಾತು. ಮೂರು, ಋಣ. ಮಗು ನಮಗೆ ಏನೂ ಕೊಟ್ಟಿಲ್ಲ, ತಾಯಿ ಕೊಟ್ಟಿದ್ದಾಳೆ. ಕೊಟ್ಟವರಿಗೆ ಹಿಂದಿರುಗಿಸಬೇಕು ಅನ್ನುವುದು ಸಾಮಾನ್ಯ ನ್ಯಾಯ.

ಈ ಮೂರನೆಯದರ ಬಗ್ಗೆ ನನಗೆ ಎರಡು ಮಾತು ಹೇಳಬೇಕು. ಸಾಲ ಅನ್ನುವುದಕ್ಕೆ ಮೊತ್ತ ಇರುತ್ತದೆ, ಅವಧಿ ಇರುತ್ತದೆ, ತೀರಿದ ಮೇಲೆ ಕಾಗದಪತ್ರ ವಾಪಸ್ಸು ಕೊಡುತ್ತೇವೆ. ತಾಯಿಯ ಋಣಕ್ಕೆ ಇವು ಯಾವುವೂ ಇಲ್ಲ. 2007ರಲ್ಲಿ ಬಂದ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ತಿಂಗಳಿಗೆ ಹೆಚ್ಚೆಂದರೆ ಹತ್ತು ಸಾವಿರ ರೂಪಾಯಿ ಅಂತ ಮಿತಿ ಹಾಕಿತು; ಹಿರಿಯರನ್ನು ಎಲ್ಲಾದರೂ ಕೈಬಿಟ್ಟರೆ ಮೂರು ತಿಂಗಳವರೆಗೆ ಜೈಲು ಅಂದಿತು. ಕಾಯ್ದೆ ಬೇಕು, ಅನ್ನವಿಲ್ಲದವರಿಗೆ ಅದರಿಂದ ಅನ್ನ ಸಿಗುತ್ತದೆ. ಆದರೆ ಹಣ ಕಟ್ಟಿ ಋಣ ತೀರಿತು ಅಂದುಕೊಳ್ಳುವವರಿಗೂ, ಕೆಲಸ ಬಿಟ್ಟು ಮನೆಯಲ್ಲಿ ಕೂತು ಋಣ ತೀರಿಸುತ್ತಿದ್ದೇನೆ ಅಂತ ದಿನವೂ ಸಿಡುಕುವವರಿಗೂ ನಾನು ಬಹಳ ವ್ಯತ್ಯಾಸ ಕಾಣೆ. ಇಬ್ಬರ ಕಣ್ಣೂ ಖಾತೆಯ ಮೇಲಿದೆ. ಎದುರಿಗಿರುವ ಮನುಷ್ಯರಿಗೆ ಈಗ ಏನು ಬೇಕು ಅನ್ನುವುದು ಇಬ್ಬರಿಗೂ ಕಾಣುವುದಿಲ್ಲ.

ಏನು ಬೇಕು ಅನ್ನುವುದು ಎಷ್ಟು ಸಣ್ಣದಿರುತ್ತದೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಅಮ್ಮ ಹೋಗುತ್ತಿದ್ದುದು ನಮ್ಮ ಬಡಾವಣೆಯ ಒಂದು ಟ್ರಸ್ಟಿನ ಕೇಂದ್ರಕ್ಕೆ. ಮುಂದಿನ ಹಾಲಿನಲ್ಲಿ ಬಾಲವಾಡಿ, ಹಿಂದಿನ ಎರಡು ಕೋಣೆಗಳಲ್ಲಿ ವಯಸ್ಸಾದವರು. ಲಾಭಕ್ಕಾಗಿ ನಡೆಸುವುದಲ್ಲ, ಶುಚಿಯಾದ ಜಾಗ, ಒಳ್ಳೆಯ ಜನ. ಆದರೂ ಮೊದಲ ವಾರ ಅಮ್ಮ ಸಾಯಂಕಾಲ ಬರುವಾಗ ನಾಲಿಗೆ ಒಣಗಿರುತ್ತಿತ್ತು. ಬಾಟಲಿ ತುಂಬಿದ್ದು ತುಂಬಿದ ಹಾಗೇ ಚೀಲದಲ್ಲಿ. ವಿಚಾರಿಸಿದಾಗ ತಿಳಿಯಿತು. ಅಮ್ಮ ದಿನವಿಡೀ ‘ಆಸರು, ಆಸರು’ ಅನ್ನುತ್ತಿದ್ದಳು. ನಮ್ಮ ಕಡೆ ಬಾಯಾರಿಕೆಗೆ ಆಸರು ಅನ್ನುತ್ತೇವೆ. ತಮಿಳಿನ ಆಯಾಗೆ ಅದು ‘ಆಸೈ’ ಅಂತ ಕೇಳಿಸಿತ್ತು. ಅಜ್ಜಿಗೆ ಏನೋ ಆಸೆಯಂತೆ ಅಂತ ನಕ್ಕು, ಪ್ರೀತಿಯಿಂದಲೇ ಕೆನ್ನೆ ಸವರಿ ಹೋಗುತ್ತಿದ್ದರು.

ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಹುಟ್ಟಿನ ಮಾತು ಕೊನೆಯವರೆಗೆ ಉಳಿಯುತ್ತದೆ. ಅಮ್ಮ ಇಲ್ಲಿ ಕಲಿತಿದ್ದ ನಾಲ್ಕು ತಮಿಳು ಮಾತು ಹೋಗಿ, ಪುಸ್ತಕದ ಕನ್ನಡವೂ ಹೋಗಿ, ತವರಿನ ಅಡುಗೆಮನೆಯ ಕನ್ನಡ ಮಾತ್ರ ಉಳಿದಿತ್ತು. ಊರಿನಲ್ಲಿದ್ದರೆ ದಾರಿಯಲ್ಲಿ ಹೋಗುವ ಯಾರಿಗಾದರೂ ಆ ಮಾತು ತಿಳಿಯುತ್ತಿತ್ತು. ಹೊರನಾಡಿನಲ್ಲಿ ಮುಪ್ಪು ಅಂದರೆ ಇದೇ. ಅನ್ನ, ಔಷಧಿ, ಹಾಸಿಗೆ ಎಲ್ಲ ಸಿಕ್ಕರೂ ಆಸರು ಅಂದರೆ ನೀರು ಅಂತ ತಿಳಿಯುವ ಕಿವಿ ಸಿಗುವುದಿಲ್ಲ.

ಮುಂದಿನ ಹಾಲಿನಲ್ಲಿ ಇದರ ಇನ್ನೊಂದು ಮುಖ. ಅಲ್ಲಿಗೆ ಬರುವ ಕನ್ನಡದ ಮನೆಯ ಮಕ್ಕಳು ಆರು ತಿಂಗಳಲ್ಲಿ ತಮಿಳು ಕಲಿಯುತ್ತಾರೆ, ಒಂದು ವರ್ಷದಲ್ಲಿ ಇಂಗ್ಲಿಷಿನ ಬಣ್ಣಗಳ ಹೆಸರು ಹೇಳುತ್ತಾರೆ. ಅದು ಒಳ್ಳೆಯದೇ, ಅವರು ಬಾಳಬೇಕಾದ ಊರು ಇದು. ಆದರೆ ಅದೇ ಹೊತ್ತಿಗೆ ಅಜ್ಜಿ ಒಂದೊಂದಾಗಿ ಮಾತು ಕಳೆದುಕೊಂಡು ಕನ್ನಡಕ್ಕೆ ಬಂದು ನಿಲ್ಲುತ್ತಾಳೆ. ಒಂದೇ ಮನೆಯ ಇಬ್ಬರು ಒಂದೇ ಕಟ್ಟಡದಲ್ಲಿದ್ದು ಒಬ್ಬರ ಮಾತು ಒಬ್ಬರಿಗೆ ತಿಳಿಯದ ಹಾಗೆ ಆಗುತ್ತಾರೆ. ಅಮೆರಿಕದ ಸಿಯಾಟಲ್ ನಗರದ ಪ್ರಾವಿಡೆನ್ಸ್ ಮೌಂಟ್ ಸೇಂಟ್ ವಿನ್ಸೆಂಟ್ ಎಂಬ ವೃದ್ಧರ ನಿಲಯದಲ್ಲಿ 1991ರಿಂದ ಪುಟ್ಟ ಮಕ್ಕಳ ಶಾಲೆಯೂ ನಡೆದು ಬಂದಿದೆ. ಮಕ್ಕಳೂ ವೃದ್ಧರೂ ಸೇರಿ ಹಾಡುವುದು, ಚಿತ್ರ ಬರೆಯುವುದು ಅಲ್ಲಿನ ಕ್ರಮ. ನಮ್ಮ ಟ್ರಸ್ಟಿನಲ್ಲಿ ಗೋಡೆ ಒಂದೇ ಇದ್ದರೂ ಬಾಗಿಲು ಹಾಕಿರುತ್ತಿತ್ತು. ಕೇಳಿಕೊಂಡ ಮೇಲೆ ಶುಕ್ರವಾರ ಒಂದು ಗಂಟೆ ತೆರೆದರು. ಆ ಒಂದು ಗಂಟೆಯಲ್ಲಿ ‘ಆಸರು’ ಅನ್ನುವ ಮಾತನ್ನು ಮೊದಲು ಕಲಿತದ್ದು ಒಂದು ತೆಲುಗಿನವರ ಹುಡುಗಿ. ಯಾರೂ ಹೇಳಿಕೊಡಲಿಲ್ಲ. ಅಜ್ಜಿಯ ಕೈ ಬಾಟಲಿಯ ಕಡೆ ಹೋಗುವುದನ್ನು ಅದು ನೋಡಿತ್ತು. ಆಮೇಲೆ ಆಯಾ ಕೂಡ ಕಲಿತರು. ಉಚ್ಚೆ, ನೋವು, ಚಳಿ, ಸಾಕು ಅಂತ ಹನ್ನೆರಡು ಮಾತು ಅವರಿಗೆ ಬಂತು.

ಆ ಆಯಾ ಬಗ್ಗೆ ಹೇಳದೆ ಈ ಲೆಕ್ಕ ಮುಗಿಯುವುದಿಲ್ಲ. ವಿಳುಪ್ಪುರಂ ಕಡೆಯವರು. ಅವರ ತಾಯಿಯೂ ನನ್ನ ಅಮ್ಮನ ವಯಸ್ಸಿನವರೇ, ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದರು. ವರ್ಷಕ್ಕೆ ಎರಡು ಸಲ, ಪೊಂಗಲಿಗೊಮ್ಮೆ, ಊರಹಬ್ಬಕ್ಕೊಮ್ಮೆ ಹೋಗಿ ನೋಡುತ್ತಿದ್ದರು. ನನ್ನ ತಾಯಿಗೆ ಊಟ ಮಾಡಿಸಿ ಬಂದ ಸಂಬಳದಲ್ಲಿ ಅವರು ತಮ್ಮ ತಾಯಿಯ ಔಷಧಿಗೆ ಕಳಿಸುತ್ತಿದ್ದರು. ನಾನು ನನ್ನ ಕರ್ತವ್ಯವನ್ನು ಅವರ ಕೈಗೆ ಕೊಟ್ಟೆ, ಅವರು ತಮ್ಮದನ್ನು ತಮ್ಮನ ಹೆಂಡತಿಯ ಕೈಗೆ. ಸರಪಳಿಯ ಕೊನೆಯಲ್ಲಿ ಸಂಬಳವಿಲ್ಲದ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ. ಅಂಗನವಾಡಿಯವರ ಕಥೆಯೂ ಹೀಗೇ. ಅವರಿಗೆ ಕೊಡುವುದಕ್ಕೆ ಸಂಬಳ ಅನ್ನದೆ ಗೌರವಧನ ಅಂದರು. ಅವರೂ ಗ್ರಾಚ್ಯುಟಿಗೆ ಅರ್ಹರು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ, ಯೋಜನೆ ಶುರುವಾಗಿ 47ನೆಯ ವರ್ಷಕ್ಕೆ ಹತ್ತಿರವಾದಾಗ. ನಾನು ನಿವೃತ್ತಳಾದ ದಿನ ನನ್ನ ಗ್ರಾಚ್ಯುಟಿಯನ್ನು ಯಾರೂ ಪ್ರಶ್ನಿಸಲಿಲ್ಲ. ನಾನು ನೋಡಿಕೊಂಡದ್ದು ಹಣವನ್ನು, ಅವರು ನೋಡಿಕೊಂಡದ್ದು ಮಕ್ಕಳನ್ನು.

ಹಾಗಾದರೆ ಉತ್ತರವೇನು? ಪರರ ಕೈಗೆ ಕೊಡುವುದು ತಪ್ಪಲ್ಲ ಅಂತಲೇ ನನ್ನ ತೀರ್ಮಾನ. ಆದರೆ ಬಿಟ್ಟು ಬರುವುದಕ್ಕೂ ಒಪ್ಪಿಸಿ ಬರುವುದಕ್ಕೂ ಅಂತರವಿದೆ. ಒಪ್ಪಿಸಿದವರು ಮತ್ತೆ ಮತ್ತೆ ಹೋಗಿ ನೋಡುತ್ತಾರೆ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ತಿದ್ದುಪಡಿ ತಂದಾಗ, ಐವತ್ತು ಜನ ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು ಅಂತ ಬರೆದರು. ಎಷ್ಟು ತಿಳಿದವರು ಬರೆದಿರಬೇಕು ಅನ್ನಿಸುತ್ತದೆ. ವಯಸ್ಸಾದ ತಾಯಿಯನ್ನು ಒಪ್ಪಿಸಿದ ಮಗನಿಗೆ ಆ ನಾಲ್ಕು ಸಲದ ಹಕ್ಕನ್ನು ಯಾವ ಕಾಯ್ದೆಯೂ ಬರೆದುಕೊಟ್ಟಿಲ್ಲ. ಬಹಳ ಜನ ಕೇಳಲೂ ಇಲ್ಲ. ಮಾತು ತಿಳಿಯುವವರು ಇದ್ದಾರೆಯೇ ಅಂತ ಒಪ್ಪಿಸಿದವರು ವಿಚಾರಿಸುತ್ತಾರೆ. ಇಲ್ಲದಿದ್ದರೆ ಹನ್ನೆರಡು ಮಾತು ಕಲಿಸುತ್ತಾರೆ. ನೋಡಿಕೊಳ್ಳುವ ಕೈಗೆ ನ್ಯಾಯವಾದ ಸಂಬಳವೂ, ತನ್ನ ತಾಯಿಯನ್ನು ನೋಡಿ ಬರಲು ರಜೆಯೂ ಸಿಗುತ್ತಿದೆಯೇ ಅಂತ ಕೇಳುತ್ತಾರೆ. ಇಷ್ಟು ಮಾಡಿದವರು ಊರಿನ ಮುಂದೆ ದನಿ ತಗ್ಗಿಸಬೇಕಾಗಿಲ್ಲ.

ಕೊನೆಯದಾಗಿ ಊರಿನಲ್ಲಿರುವ ನಿಮಗೆ ಒಂದು ಮಾತು. ಈ ಪ್ರಶ್ನೆ ಹೊರನಾಡಿನವರದು ಮಾತ್ರ ಅಂದುಕೊಳ್ಳಬೇಡಿ. 2011ರ ಜನಗಣತಿಯಲ್ಲೇ ತಮಿಳುನಾಡಿನಲ್ಲಿ ಅರವತ್ತು ದಾಟಿದವರು ನೂರಕ್ಕೆ 10.4, ಕರ್ನಾಟಕದಲ್ಲಿ 9.5 ಇದ್ದರು. ನಾವು ಬಿಟ್ಟು ಬಂದ ಊರುಗಳಲ್ಲಿ ಜಗಲಿ ಇದೆ, ಅದರ ಮೇಲೆ ಅಜ್ಜ ಅಜ್ಜಿ ಇದ್ದಾರೆ, ಅಂಗಳದಲ್ಲಿ ಮಕ್ಕಳಿಲ್ಲ. ಮಕ್ಕಳು ಇರುವುದು ಊರಿನ ಅಂಗನವಾಡಿಯಲ್ಲಿ. ಅದರ ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟಿ, ಒಬ್ಬರಿಗೆ ಸರಿಯಾದ ಸಂಬಳ ಕೊಟ್ಟು, ನಡುವಿನ ಬಾಗಿಲು ತೆಗೆದಿಡುವುದು ಒಂದು ಪಂಚಾಯಿತಿಗೆ ಆಗದ ಕೆಲಸವಲ್ಲ. ಆಸರು ಅಂದರೆ ನೀರು ಅಂತ ತಿಳಿಯುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.