ಕೂರುವ ಹಕ್ಕು

ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗಳಲ್ಲಿ ಒಂದು ಪದ್ಧತಿ ಇನ್ನೂ ಉಳಿದಿದೆ. ಚಪ್ಪಲಿ ಬಿಟ್ಟು ಒಳಗೆ ಹೋದರೆ ನೆಲದ ತುಂಬ ಬಿಳಿ ಹೊದಿಕೆಯ ಗಾದಿ. ಕೊಳ್ಳುವವರೂ ಕೂರುತ್ತಾರೆ, ಮಾರುವವರೂ ಕೂರುತ್ತಾರೆ, ನಡುವೆ ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತವೆ. ಇದೇ ವ್ಯಾಪಾರ ನಾಲ್ಕಂತಸ್ತಿನ ಹವಾನಿಯಂತ್ರಿತ ಮಳಿಗೆಗಳಿಗೆ ಏರಿದಾಗ ಗಾಜು, ಲಿಫ್ಟು, ಸಿಸಿಟಿವಿ ಎಲ್ಲವೂ ಬಂದವು, ಗಾದಿ ಹೋಯಿತು. ಗಿರಾಕಿಗೇನೋ ಕುರ್ಚಿ ಸಿಕ್ಕಿತು. ಕೌಂಟರಿನ ಆಚೆಗಿರುವ ಹುಡುಗಿ ಮಾತ್ರ ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿ ಷಟರ್ ಎಳೆಯುವವರೆಗೆ ನಿಂತೇ ಇರುತ್ತಾಳೆ. ಗಿರಾಕಿ ಇಲ್ಲದಾಗಲೂ.

ನನ್ನನ್ನು ಕಾಡುವುದು ಆ ಕೊನೆಯ ಸಂಗತಿ. ಸೀರೆ ತೋರಿಸಲು ನಿಲ್ಲುವುದು ಕೆಲಸದ ಭಾಗ, ಒಪ್ಪೋಣ. ವಾರದ ನಡುವಿನ ಮಧ್ಯಾಹ್ನ ಖಾಲಿ ಮಳಿಗೆಯಲ್ಲಿ ಗೋಡೆಗೂ ಒರಗದಂತೆ ನಿಲ್ಲಿಸುವುದರಿಂದ ಒಂದು ಕರವಸ್ತ್ರವೂ ಹೆಚ್ಚು ಮಾರಾಟವಾಗುವುದಿಲ್ಲ. ಪಾದ ಊದುತ್ತದೆ, ಸೊಂಟ ಹಿಡಿಯುತ್ತದೆ, ವರ್ಷಗಳು ಕಳೆದಂತೆ ಮೀನಖಂಡದ ರಕ್ತನಾಳಗಳು ಗಂಟುಗಂಟಾಗಿ ಉಬ್ಬುತ್ತವೆ. ಶೌಚಾಲಯಕ್ಕೆ ಹೋಗಲೂ ಅಪ್ಪಣೆ ಕೇಳಬೇಕಾದ ಕಡೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆಮೇಲೆ ಉರಿಮೂತ್ರ, ಸೋಂಕು, ಔಷಧಿಯ ಖರ್ಚು. ಇಷ್ಟರ ಮೇಲೆ ಮುಖದಲ್ಲಿ ನಗುವೂ ಇರಬೇಕು.

ಈ ಕಷ್ಟಗಳ ವಿರುದ್ಧ ಗಟ್ಟಿಯಾಗಿ ದನಿ ಎತ್ತಿದವರು ಕೇರಳದ ಕೋಯಿಕ್ಕೋಡಿನ ಹೆಂಗಸರು. ಅಲ್ಲಿನ ಮಿಠಾಯಿ ತೆರುವು ಹೆಸರಾದ ವ್ಯಾಪಾರದ ಬೀದಿ. ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬವರು ಅಂಗಡಿ ಕೆಲಸದ ಹೆಂಗಸರನ್ನು ಸೇರಿಸಿ ಪೆಣ್‌ಕೂಟ್ಟ್ ಎಂಬ ಸಂಘ ಕಟ್ಟಿದರು. ಅವರ ಮೊದಲ ಹೋರಾಟ ಶೌಚಾಲಯಕ್ಕಾಗಿ. ಆಮೇಲೆ ಕೇಳಿದ್ದು, ಕೂರಲು ಜಾಗ. ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ನೌಕರರಿಗೆ ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ನಿಂತು ದುಡಿಯುವವರಿಗೆ ಬಿಡುವಾದಾಗ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಆಗಲೇ ಹೇಳಿತ್ತು. ಕಾರ್ಖಾನೆಗೆ ಅಂದೇ ಬರೆದ ಆ ಮಾತು ಕೋಯಿಕ್ಕೋಡಿನ ಅಂಗಡಿ ತಲುಪಲು ಎಪ್ಪತ್ತು ವರ್ಷ ಬೇಕಾಯಿತು.

ಈಗ ದೊಡ್ಡ ಕಚೇರಿಗಳಲ್ಲಿ ನೌಕರರ ಕ್ಷೇಮದ ಮಾತು ಬಹಳ ಕೇಳುತ್ತದೆ. ಯೋಗ ಶಿಬಿರ, ಆಪ್ತಸಮಾಲೋಚನೆ, ಕೆಲಸದಲ್ಲಿ ಎಷ್ಟು ಮನಸ್ಸಿದೆ ಎಂದು ಅಳೆಯುವ ಸಮೀಕ್ಷೆ. ಒಳ್ಳೆಯದೇ. ದಿನವಿಡೀ ಕೂತರೆ ಬೆನ್ನು ಹಾಳಾಗುತ್ತದೆಂದು ನಿಂತು ಕೆಲಸ ಮಾಡುವ ಎತ್ತರದ ಮೇಜುಗಳನ್ನೂ ತರಿಸುತ್ತಾರೆ. ಅಲ್ಲಿನ ನೌಕರ ಬೇಕೆಂದಾಗ ಏಳುತ್ತಾನೆ, ಬೇಡವೆಂದಾಗ ಕೂರುತ್ತಾನೆ. ಸೀರೆ ಮಳಿಗೆಯ ಹುಡುಗಿಗೆ ಇಲ್ಲದಿರುವುದು ಆ ಸ್ವಾತಂತ್ರ್ಯ. ತನ್ನ ಮೈಯ ಮಾತನ್ನು ತಾನೇ ಕೇಳಲಾಗದ ಕಡೆ ಕೆಲಸದ ಮೇಲೆ ಪ್ರೀತಿ ಹುಟ್ಟುವುದು ಹೇಗೆ? ಸಮೀಕ್ಷೆಗೆ ಅವಳು ಏನೆಂದು ಉತ್ತರ ಬರೆಯಬೇಕು?

ಮಾಲೀಕರು ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ಹುಡುಗಿ ಕೂತಿದ್ದರೆ ಗಿರಾಕಿಗೆ ಅಗೌರವ. ಆದರೆ ಬಿಲ್ಲು ಹಾಕುವ ಕ್ಯಾಷಿಯರ್ ಕೂತಿರುತ್ತಾರೆ, ಬ್ಯಾಂಕಿನ ಗುಮಾಸ್ತರು ಕೂತಿರುತ್ತಾರೆ, ನಮಗ್ಯಾರಿಗೂ ಅವಮಾನವಾಗಿಲ್ಲ. ಈ ನಿಯಮ ನಡೆಯುತ್ತಿರುವುದು ನಮ್ಮ ಹೆಸರಿನಲ್ಲಿ. ಹಾಗಾಗಿ ಅದನ್ನು ಬೇಡವೆನ್ನುವ ಅಧಿಕಾರವೂ ನಮಗಿದೆ.

“ಕೂತೇ ತೋರಿಸಮ್ಮ” ಎಂದು ಆ ಹುಡುಗಿಗೆ ಹೇಳಿದರೆ ಸಾಲದು. ಅವಳು ಕೂತರೆ ಬೈಗುಳ ಬೀಳುವುದು ಅವಳಿಗೇ. ಹಬ್ಬಕ್ಕೆ ಸೀರೆ ಕೊಂಡು ದುಡ್ಡು ಕೊಡುವಾಗ ಗಲ್ಲಾದಲ್ಲಿರುವ ಮಾಲೀಕರಿಗೆ ಹೇಳಬೇಕು: “ಸ್ವಾಮಿ, ಕೌಂಟರಿಗೆರಡು ಸ್ಟೂಲು ಹಾಕಿಸಿ. ಹುಡುಗಿಯರು ಕೂತಿದ್ದರೆ ನಮಗೇನೂ ಬೇಜಾರಿಲ್ಲ.” ನಾಲ್ಕು ಜನ ಗಿರಾಕಿಗಳು ಒಂದೇ ವಾರದಲ್ಲಿ ಇದನ್ನು ಹೇಳಿದರೆ ಮಾಲೀಕರು ಖಂಡಿತ ಕೇಳಿಸಿಕೊಳ್ಳುತ್ತಾರೆ.