ನೋಟದ ಋಣ

ಕೊಂಡದ್ದಕ್ಕೆ ಬೆಲೆ ಕೊಡಬೇಕು, ಉಂಡದ್ದನ್ನು ನೆನೆಯಬೇಕು ಎಂಬುದನ್ನು ಎಲ್ಲರೂ ಒಪ್ಪುವರು. ಆದರೆ ಬರಿಯ ನೋಟಕ್ಕೆ ಋಣವುಂಟೆ? ಕಣ್ಣು ಯಾವುದನ್ನೂ ಕೊಂಡೊಯ್ಯುವುದಿಲ್ಲ. ನೋಡಿದ ಮಾತ್ರದಿಂದ ಗೋಪುರವು ಸವೆಯುವುದಿಲ್ಲ. ಹೀಗಿರುವಲ್ಲಿ ನೋಡುವವನು ಯಾರಿಗೆ ಏನನ್ನು ಸಲ್ಲಿಸಬೇಕಾದೀತು?

ಇಟಲಿಯ ವೆನಿಸ್ ನಗರವು ಈ ಪ್ರಶ್ನೆಯನ್ನು ಲೋಕದ ಮುಂದಿಟ್ಟಿದೆ. ನಗರದ ಪೂರ್ವಕ್ಕೆ, ಕಡಲಿಗೂ ಹಿನ್ನೀರಿಗೂ ನಡುವೆ ಚಾಚಿಕೊಂಡಿರುವ ಕಾವಲ್ಲೀನೊ ಎಂಬ ನೆಲದಲ್ಲಿ ಡೇರೆಯ ಬಿಡಾರಗಳು ಹಲವಿವೆ. ಬೇಸಗೆಯಲ್ಲಿ ನಾನಾ ದೇಶಗಳ ಕುಟುಂಬಗಳು ಅಲ್ಲಿ ತಂಗಿ, ಒಂದು ದಿನವನ್ನು ವೆನಿಸ್ಸಿಗಾಗಿ ಮೀಸಲಿಡುವುದುಂಟು. ಅಂಥ ಕುಟುಂಬವೊಂದು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಪುಂಟಾ ಸಬ್ಬಿಯೋನಿಯಲ್ಲಿ ದೋಣಿ ಹತ್ತುತ್ತದೆ. ಸಂತ ಮಾರ್ಕನ ದೇವಾಲಯ, 1902ರಲ್ಲಿ ಕುಸಿದು 1912ರಲ್ಲಿ ಮರಳಿ ಎದ್ದ ಗಂಟೆಯ ಗೋಪುರ, 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆ, ಇವನ್ನೆಲ್ಲ ನೋಡಿ ಸಂಜೆ ಡೇರೆಗೆ ಹಿಂದಿರುಗುತ್ತದೆ. ಇದರಲ್ಲಿ ದೋಷವೇನು? ಮಕ್ಕಳಿಗೆ ಲೋಕವನ್ನು ತೋರಿಸುವುದು ತಾಯ್ತಂದೆಗಳ ಧರ್ಮವೇ ಸರಿ.

ಆದರೆ ಇನ್ನೊಂದು ಪಕ್ಕವುಂಟು. ರಿಯಾಲ್ಟೊ ಸೇತುವೆಯ ಸಮೀಪದ ಔಷಧದಂಗಡಿಯೊಂದರ ಕಿಟಕಿಯಲ್ಲಿ 2008ರಲ್ಲಿ ಒಂದು ಫಲಕವನ್ನಿಟ್ಟರು. ಅದು ತೋರಿಸಿದುದು ಮದ್ದಿನ ಬೆಲೆಯನ್ನಲ್ಲ, ಹಳೆಯ ನಗರದಲ್ಲಿ ಉಳಿದ ನಿವಾಸಿಗಳ ಸಂಖ್ಯೆಯನ್ನು. 1951ರಲ್ಲಿ ಸುಮಾರು 1,75,000 ಇದ್ದ ಆ ಸಂಖ್ಯೆ 2022ರಲ್ಲಿ 50,000ಕ್ಕೂ ಕೆಳಗಿಳಿಯಿತು. ಉದ್ಯೋಗವನ್ನರಸಿ ಹೊರಟವರಿದ್ದರು, ನೆರೆಗೆ ಬೇಸತ್ತವರಿದ್ದರು. ಮನೆಗಳು ಪ್ರವಾಸಿಗರ ವಸತಿಗಳಾಗಿ, ದಿನಸಿಯ ಅಂಗಡಿಗಳು ಆಟಿಕೆ ಮುಖವಾಡಗಳ ಅಂಗಡಿಗಳಾಗಿ ಮಾರ್ಪಟ್ಟುದೂ ಒಂದು ಕಾರಣ. ಒಬ್ಬನ ನೋಟಕ್ಕೆ ಭಾರವಿಲ್ಲದಿರಬಹುದು. ಲಕ್ಷಾಂತರ ಜನರ ನೋಟಕ್ಕೆ ಭಾರವುಂಟು.

ನಗರಸಭೆಯು 2024ರ ಏಪ್ರಿಲ್ 25ರಿಂದ, ಗೊತ್ತುಪಡಿಸಿದ ದಿನಗಳಲ್ಲಿ, ದಿನದ ಮಟ್ಟಿಗೆ ಬರುವವರಿಂದ 5 ಯೂರೋ ಸುಂಕವನ್ನು ವಿಧಿಸಿತು. ತನ್ನ ಎಲ್ಲೆಯೊಳಗೆ ರಾತ್ರಿ ತಂಗುವವರನ್ನು ಬಿಟ್ಟಿತು. ಕಾವಲ್ಲೀನೊ ಬೇರೆ ಪುರಸಭೆಗೆ ಸೇರಿದುದರಿಂದ ಅಲ್ಲಿಯ ಡೇರೆಯವರು ಸುಂಕ ತೆರತಕ್ಕವರಾದರು. ಇದರಿಂದ ಋಣ ತೀರಿತೆ? ತೆತ್ತವನಲ್ಲಿ ‘ಕೊಟ್ಟಾಯಿತು’ ಎಂಬ ಭಾವ ಬೇರೂರಿದರೆ ಇದ್ದ ಸಂಕೋಚವೂ ಹೋದೀತು. ದಿನದ ಅತಿಥಿ ಬರಲೇಬಾರದೆಂಬ ವಾದವೂ ನ್ಯಾಯವಲ್ಲ. ಹಾಗಾದಲ್ಲಿ ಚೆಲುವು ಸಿರಿವಂತರ ಸೊತ್ತಾಗಿ ನಿಲ್ಲುವುದು.

ಉತ್ತರವು ಆ ಕುಟುಂಬದ ಡೇರೆಯಲ್ಲಿಯೇ ಇದೆ. ಬಟ್ಟೆಯ ಗೋಡೆ ಮಾತನ್ನು ತಡೆಯದು; ಆದುದರಿಂದ ಇರುಳಾದೊಡನೆ ತಾಯಿ ಮಕ್ಕಳ ಗದ್ದಲವನ್ನು ನಿಲ್ಲಿಸುತ್ತಾಳೆ. ಎಲ್ಲರಿಗೂ ಸೇರಿದ ತೊಟ್ಟಿಯಲ್ಲಿ ಪಾತ್ರೆ ತೊಳೆದವರು ಮುಂದಿನವರಿಗಾಗಿ ಅದನ್ನು ಚೊಕ್ಕಟಮಾಡಿ ಹೋಗುತ್ತಾರೆ. ಬಿಡಾರ ಕಿತ್ತ ದಿನ ಹುಲ್ಲಿನ ಮೇಲೆ ಕಸವನ್ನು ಉಳಿಸುವುದಿಲ್ಲ. ಅದೇ ಜನರು ನಗರದಲ್ಲಿ, ಕಿರಿದಾದ ಸೇತುವೆಯ ಮೇಲೆ ಚಿತ್ರ ತೆಗೆಸಿಕೊಳ್ಳುತ್ತ ನಿಂತರೆ, ಸಾಮಾನಿನ ಕೈಗಾಡಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಎಳೆದು ತಂದ ಕೂಲಿಯವನು ಕಾಯಬೇಕಾಗುತ್ತದೆ. ಅವರ ಸ್ವಭಾವ ಕೆಟ್ಟಿತೆಂದಲ್ಲ. ಬಿಡಾರದಲ್ಲಿ ಅವರ ಸುತ್ತ ನೆರೆಯವರಿದ್ದರು, ನಗರದಲ್ಲಿ ಅವರಿಗೆ ಕಂಡುದು ಬರಿಯ ದೃಶ್ಯ.

ಕಂಡದ್ದನ್ನು ಮತ್ತೊಬ್ಬರ ಮನೆಯೆಂದು ತಿಳಿಯುವುದೇ ನೋಟದ ಋಣವನ್ನು ಸಲ್ಲಿಸುವ ಬಗೆ. ಹತ್ತು ಸ್ಥಳಗಳ ಬದಲು ಮೂರನ್ನು ನೆಮ್ಮದಿಯಿಂದ ನೋಡುವುದು, ಓಣಿಯಲ್ಲಿ ಸರಿದು ದಾರಿ ಕೊಡುವುದು, ಒಣಹಾಕಿದ ಬಟ್ಟೆಯ ಹಿಂದೆ ಒಂದು ಸಂಸಾರವಿದೆಯೆಂದು ಮಕ್ಕಳಿಗೆ ತಿಳಿಸುವುದು, ಇವು ಸಣ್ಣ ಕೆಲಸಗಳು. ಇವುಗಳಿಂದಲೇ ನಗರ ಉಳಿದೀತೆಂದು ಹೇಳುವಂತಿಲ್ಲ. ಅದಕ್ಕೆ ಆಳುವವರ ವಿವೇಕವೂ ಬೇಕು. ಆದರೂ ಸುಂಕವನ್ನು ನಗರಸಭೆ ವಸೂಲು ಮಾಡಬಲ್ಲುದು, ಈ ಋಣವನ್ನು ಯಾರೂ ವಸೂಲು ಮಾಡಲಾರರು. ಆದುದರಿಂದಲೇ ಇದು ಕಾನೂನಿನ ವಿಷಯವಾಗದೆ ಧರ್ಮದ ವಿಷಯವಾಗಿದೆ.