ಬೀದಿಯ ಅಂಚು ಯಾರದು?

ಮನುಷ್ಯನ ಆಚಾರವನ್ನು ಪರೀಕ್ಷಿಸುವಾಗ ನಾವು ಸಾಮಾನ್ಯವಾಗಿ ಅವನ ಕ್ರಿಯೆಯನ್ನೇ ನೋಡುತ್ತೇವೆ. ಅವನು ಏನು ಮಾಡಿದ, ಏನು ನುಡಿದ, ಯಾರನ್ನು ನೋಯಿಸಿದ ಎಂಬುದೇ ವಿಚಾರಣೆಗೆ ಬರುತ್ತದೆ. ಕಾರ್ಯ ಮುಗಿಸಿ, ವಸ್ತುವೊಂದನ್ನು ಒಂದೆಡೆ ಇಟ್ಟು, ಬೆನ್ನು ತಿರುಗಿಸಿ ಹೋದ ಮೇಲೆ ಆ ವಸ್ತುವಿನಿಂದ ಪರರಿಗೆ ಒದಗುವ ಬಾಧೆಯು ಲೆಕ್ಕಕ್ಕೆ ಬರುವುದು ಅಪರೂಪ. ವಾಹನವನ್ನು ಅತಿವೇಗದಿಂದ ಓಡಿಸಿ ಒಬ್ಬರನ್ನು ಗಾಯಗೊಳಿಸಿದವನನ್ನು ಊರೆಲ್ಲ ಹಳಿಯುತ್ತದೆ. ಅದೇ ವಾಹನವನ್ನು ಜನರು ನಡೆಯುವ ಜಾಗದಲ್ಲಿ ನಿಲ್ಲಿಸಿ, ಬೀಗ ಹಾಕಿ, ಮನೆಯೊಳಗೆ ಹೋಗಿ ಸುಖವಾಗಿ ನಿದ್ರಿಸುವವನನ್ನು ಯಾರೂ ತಪ್ಪಿತಸ್ಥನೆಂದು ಎಣಿಸುವುದಿಲ್ಲ. ಅವನಂತೂ ಎಣಿಸುವುದೇ ಇಲ್ಲ. ಈ ನಿಶ್ಚಿಂತೆಯು ಯುಕ್ತವೇ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಇದು ಮಹಾನಗರಗಳ ಸಮಸ್ಯೆ, ನಮ್ಮ ಊರುಗಳಿಗೆ ಇದರಿಂದೇನು ಎಂದು ಕೆಲವರಿಗೆ ತೋರಬಹುದು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ ಎಂಬುದು ನಿಜ. ಆದರೆ ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಂತಹ ಹೋಬಳಿ ಊರುಗಳಲ್ಲಿ ಈ ಪ್ರಶ್ನೆಯು ಇನ್ನೊಂದು ರೀತಿಯಲ್ಲಿ ತೀವ್ರವಾಗಿದೆ. ಈ ಸೀಮೆಯ ಹಳೆಯ ಬೀದಿಗಳಲ್ಲಿ ಮನೆಯ ಜಗುಲಿ, ಜಗುಲಿಯ ಮೆಟ್ಟಿಲು, ಚರಂಡಿ, ಅದರ ಮೇಲೊಂದು ಚಪ್ಪಡಿ, ಅದಾದ ಕೂಡಲೆ ರಸ್ತೆ. ಪಾದಚಾರಿಗಳಿಗೆಂದು ಎತ್ತರಿಸಿ ಕಟ್ಟಿದ ಪ್ರತ್ಯೇಕ ಹಾದಿಯಿಲ್ಲ. ಚರಂಡಿಗೂ ಡಾಂಬರಿಗೂ ನಡುವೆ ಉಳಿದ ಮಣ್ಣಿನ ಪಟ್ಟಿಯೇ ನಡೆಯುವವರ ದಾರಿ. ಆ ಪಟ್ಟಿಯ ಮೇಲೆ ಒಂದು ಮನೆಯ ಮುಂದೆ ಮೋಟರ್ ಸೈಕಲ್, ಇನ್ನೊಂದರ ಮುಂದೆ ಗೂಡ್ಸ್ ಆಟೋ, ಮತ್ತೊಂದರ ಮುಂದೆ ಟ್ರಾಕ್ಟರಿನಿಂದ ಬಿಚ್ಚಿಟ್ಟ ಟ್ರೈಲರು ನಿಂತರೆ, ನಡೆಯುವವನಿಗೆ ಉಳಿಯುವುದು ಬಸ್ಸು ಲಾರಿಗಳು ಓಡಾಡುವ ನಡುರಸ್ತೆಯೊಂದೇ. ಪೇಟೆಗಳಲ್ಲಿ ಅಂಚುಗಲ್ಲು ಕಟ್ಟಿದ ಫುಟ್‌ಪಾತು ಇರುವೆಡೆಯಲ್ಲಿಯೂ ಕಾರಿನ ಎರಡು ಚಕ್ರಗಳು ಅದರ ಮೇಲೇರಿ ನಿಂತಿರುವುದನ್ನು ಕಾಣುತ್ತೇವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರು ಅಗಲವಿರಬೇಕು. ಚಿಕ್ಕ ಕಾರೇ ಸುಮಾರು 1.5 ಮೀಟರು ಅಗಲವಿರುತ್ತದೆ. ಉಳಿಯುವುದೆಷ್ಟೆಂಬುದನ್ನು ವಾಚಕರೇ ಎಣಿಸಬಹುದು.

ಅಡ್ಡಿ ಒಂದೇ ಆದರೂ ಅದರ ಭಾರವು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಗಟ್ಟಿಮುಟ್ಟಾದ ಯುವಕನು ಎರಡು ಹೆಜ್ಜೆ ರಸ್ತೆಗಿಳಿದು ಮತ್ತೆ ಬದಿಗೆ ಬರುತ್ತಾನೆ. ಅವನಿಗದು ಗಮನಕ್ಕೂ ಬಾರದು. ಊರುಗೋಲು ಹಿಡಿದ ವೃದ್ಧೆಗೆ ಆ ಎರಡು ಹೆಜ್ಜೆಗಳೆಂದರೆ ಹಿಂದಿನಿಂದ ಬರುವ ವಾಹನದ ಸದ್ದನ್ನು ಆಲಿಸುತ್ತ, ನಿಂತು, ಅಳುಕಿ ಇಡಬೇಕಾದ ಹೆಜ್ಜೆಗಳು. ಕಣ್ಣು ಕಾಣದವನು ನಿನ್ನೆ ನಡೆದ ದಾರಿಯನ್ನು ನಂಬಿ ಇಂದು ನಡೆಯುತ್ತಾನೆ. ನಿನ್ನೆ ಇಲ್ಲದ ಕಬ್ಬಿಣವು ಇಂದು ಅವನ ಮೊಣಕಾಲಿಗೆ ತಾಗುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವನಿಗೆ ಸುತ್ತಿಬರುವ ಅವಕಾಶವೇ ಇಲ್ಲ, ಅವನು ಹಿಂದಿರುಗಬೇಕು. ಶಾಲೆಗೆ ಹೊರಟ ಮಗುವು ನಿಂತ ಟೆಂಪೋವಿನ ಮರೆಯಿಂದ ರಸ್ತೆಗೆ ಕಾಲಿಟ್ಟಾಗ ಬರುತ್ತಿರುವ ಚಾಲಕನಿಗೆ ಮಗು ಕಾಣದು, ಮಗುವಿಗೆ ಆ ವಾಹನ ಕಾಣದು. ಅಪಘಾತವಾದರೆ ಓಡಿಸುತ್ತಿದ್ದವನ ಮೇಲೆ ಮೊಕದ್ದಮೆ ಹೂಡಲಾಗುತ್ತದೆ. ಮರೆಯನ್ನು ನಿರ್ಮಿಸಿ ಹೋದವನ ಹೆಸರನ್ನು ಕೇಳುವವರು ವಿರಳ.

ಹಾಗಾದರೆ ಬೀದಿಯು ಯಾರದು? ಈ ಪ್ರಶ್ನೆಗೆ ನಮ್ಮ ಪೂರ್ವಾಚಾರ್ಯರಲ್ಲಿ ಒಂದು ಸೂಕ್ಷ್ಮವಾದ ಚರ್ಚೆಯಿದೆ. ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದಾಚಾರ್ಯರು ರಚಿಸಿದ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ, ಕೊಡದುದನ್ನು ತೆಗೆದುಕೊಳ್ಳುವುದೇ ಕಳವು ಎಂಬ ಲಕ್ಷಣವನ್ನು ವಿವರಿಸುವಾಗ ಒಂದು ಶಂಕೆಯನ್ನು ಎತ್ತಲಾಗಿದೆ. ಭಿಕ್ಷೆಗಾಗಿ ಊರಿನಲ್ಲಿ ಸಂಚರಿಸುವ ಮುನಿಯು ಬೀದಿಗಳಲ್ಲಿ, ಬಾಗಿಲುಗಳಲ್ಲಿ ಪ್ರವೇಶಿಸುತ್ತಾನಲ್ಲ. ಅವನ್ನು ಅವನಿಗೆ ಯಾರೂ ಕೈಯೆತ್ತಿ ಕೊಟ್ಟಿಲ್ಲವಲ್ಲ. ಹಾಗಾದರೆ ಅವನಿಗೂ ಆ ದೋಷ ತಟ್ಟದೆ? ತಟ್ಟದು ಎಂಬುದೇ ಆಚಾರ್ಯರ ಸಮಾಧಾನ. ಬೀದಿಯು ಸಾಮಾನ್ಯವಾಗಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಆದುದರಿಂದಲೇ ಮುನಿಯು ಮುಚ್ಚಿದ ಬಾಗಿಲನ್ನು ಮಾತ್ರ ಪ್ರವೇಶಿಸುವುದಿಲ್ಲ. ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯು ಪೂಜ್ಯಪಾದರ ತಪೋಭೂಮಿಯೆಂಬ ಪ್ರತೀತಿಯಿರುವುದರಿಂದ, ಈ ಸೀಮೆಯವರು ಆ ಮಾತನ್ನು ತಮ್ಮ ಮನೆಯ ಹಿರಿಯರ ಮಾತೆಂದೇ ಆಲಿಸಬಹುದು.

ಈ ಸಮಾಧಾನದ ತಿರುಳನ್ನು ಗ್ರಹಿಸಬೇಕು. ಬೀದಿಯಲ್ಲಿ ನಡೆಯುವವನು ಕಳ್ಳನಲ್ಲ. ಏಕೆಂದರೆ ಬೀದಿಯು ತೆರೆದಿದೆ. ತೆರೆದಿದ್ದುದನ್ನು ಅವನು ತೆರೆದಂತೆಯೇ ಬಿಟ್ಟು ಹೋಗುತ್ತಾನೆ. ಒಂದು ಹೆಜ್ಜೆಯಷ್ಟು ಜಾಗವನ್ನು ಒಂದು ಕ್ಷಣ ಪಡೆದು, ಮರುಕ್ಷಣವೇ ಹಿಂದಿನವನಿಗೆ ಒಪ್ಪಿಸುತ್ತಾನೆ. ಆದರೆ ಎಲ್ಲರಿಗೂ ಬಿಟ್ಟ ದಾರಿಯನ್ನು ತನ್ನ ವಸ್ತುವಿನಿಂದ ಮುಚ್ಚುವವನ ವಿಷಯ ಹಾಗಲ್ಲ. ಅವನಿಗೆ ನಡೆಯಲು ಕೊಡಲಾಗಿತ್ತು; ಮುಚ್ಚಲು ಯಾರೂ ಕೊಟ್ಟಿರಲಿಲ್ಲ. ಮನೆಯ ಮುಂದಿನ ಜಾಗವೆಂಬ ಕಾರಣದಿಂದ ಅದು ಮನೆಯವನದಾಗುವುದಿಲ್ಲ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಒಂದು ದಿಕ್ಕಿಗೆ ‘ಸರ್ಕಾರಿ ರಸ್ತೆ’ ಎಂದು ಬರೆಸಿಕೊಂಡವನೇ ಆ ರಸ್ತೆಯ ಅಂಚಿನಲ್ಲಿ ಕಲ್ಲು, ಹೂವಿನ ಕುಂಡಗಳನ್ನಿಟ್ಟು ತನ್ನ ಕಾರಿಗೆ ಜಾಗ ಕಾದಿರಿಸುವುದು ತನ್ನ ಪತ್ರವನ್ನು ತಾನೇ ಅಲ್ಲಗಳೆದಂತೆ.

ಇಲ್ಲಿ ಆಕ್ಷೇಪಗಳು ಏಳುತ್ತವೆ. ಅವನ್ನು ಹಗುರವಾಗಿ ತಳ್ಳಿಹಾಕಬಾರದು. ಮೊದಲನೆಯದು: ‘ನಾನು ಯಾರಿಗೂ ಕೇಡು ಬಯಸಿಲ್ಲ.’ ಇದು ಬಹುಮಟ್ಟಿಗೆ ಸತ್ಯ. ಆದರೆ ಹಿಂಸೆಯ ವಿಚಾರದಲ್ಲಿ ನಮ್ಮ ಶಾಸ್ತ್ರವು ದ್ವೇಷದಷ್ಟೇ ಪ್ರಮಾದಕ್ಕೂ, ಅಂದರೆ ಎಚ್ಚರಗೇಡಿತನಕ್ಕೂ, ಪ್ರಾಧಾನ್ಯವನ್ನು ಕೊಟ್ಟಿದೆ. ಶ್ರಾವಕನು ವರ್ಜಿಸಬೇಕಾದ ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ನಡೆಯುವ ಎಚ್ಚರವಾದ ಈರ್ಯಾಸಮಿತಿಯನ್ನು ಎಲ್ಲರೂ ಬಲ್ಲರು. ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ನೋಡಿ ನಡೆದುಕೊಳ್ಳಬೇಕೆಂಬ ಆದಾನನಿಕ್ಷೇಪಣ ಸಮಿತಿಯನ್ನು ನೆನೆಯುವವರು ಕಡಿಮೆ. ಪಿಂಛಿ, ಕಮಂಡಲುಗಳಷ್ಟನ್ನೇ ಉಳ್ಳವರಿಗೂ ಇಡುವಿಕೆಯಲ್ಲಿ ಇಷ್ಟು ಎಚ್ಚರ ಬೇಕಾದರೆ, ಸಾವಿರ ಕಿಲೋ ತೂಗುವ ವಾಹನವನ್ನು ಬೀದಿಯಲ್ಲಿಡುವ ಗೃಹಸ್ಥನಿಗೆ ಎಷ್ಟು ಬೇಕು?

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು: ‘ಬೀದಿ ಕಿರಿದು. ನಾನು ಅಂಚುಗಲ್ಲನ್ನೇರಿಸಿ ನಿಲ್ಲಿಸದಿದ್ದರೆ ಇತರ ವಾಹನಗಳು ಹೋಗಲಾರವು. ಪರರ ಅನುಕೂಲಕ್ಕಾಗಿಯೇ ಹೀಗೆ ಮಾಡಿದ್ದೇನೆ.’ ಇದನ್ನು ಹೇಳುವವನು ಸುಳ್ಳುಗಾರನಲ್ಲ, ಅವನಲ್ಲಿ ಪರಚಿಂತನೆಯಿದೆ. ಆದರೆ ಆ ಪರರು ಯಾರು? ತನ್ನಂತೆಯೇ ವಾಹನವುಳ್ಳವರು. ತಾನು ಚಾಲಕನಾಗಿದ್ದಾಗ ಅನುಭವಿಸಿದ ಕಷ್ಟ ಅವನಿಗೆ ನೆನಪಿದೆ. ಆದುದರಿಂದ ಇನ್ನೊಬ್ಬ ಚಾಲಕನಿಗೆ ದಾರಿ ಬಿಡುತ್ತಾನೆ. ಕಾಲ್ನಡಿಗೆಯವನ ಕಷ್ಟವು ಅವನ ಅನುಭವದಿಂದ ಮರೆಯಾಗಿದೆ. ಆದುದರಿಂದ ಆ ಔದಾರ್ಯದ ವೆಚ್ಚವನ್ನು ಕಾಲ್ನಡಿಗೆಯವನಿಂದ ವಸೂಲು ಮಾಡುತ್ತಾನೆ. ನಮ್ಮಂತಿರುವವರ ಮೇಲಿನ ಅನುಕಂಪೆ ಸುಲಭ. ನಮ್ಮಂತಿಲ್ಲದವರ ಮೇಲೆ ಅದು ಹರಿದಾಗಲೇ ದಯೆಯೆನಿಸಿಕೊಳ್ಳುತ್ತದೆ.

ಮೂರನೆಯದು ಬಡವನ ಆಕ್ಷೇಪ. ಬಾಡಿಗೆ ಆಟೋ ಓಡಿಸಿ ಸಂಸಾರ ಸಾಗಿಸುವವನಿಗೆ ಒಂದು ಕೋಣೆಯ ಮನೆ. ಅವನು ವಾಹನವನ್ನು ಎಲ್ಲಿಡಬೇಕು? ಈ ಪ್ರಶ್ನೆಗೆ ನೀತಿಬೋಧೆ ಉತ್ತರವಾಗಲಾರದು. ಊರಿನ ಬಯಲಿನಲ್ಲೋ ಸಂತೆಮಾಳದಲ್ಲೋ ರಾತ್ರಿ ವಾಹನಗಳು ನಿಲ್ಲಲು ಜಾಗ ಗೊತ್ತುಮಾಡುವುದು ಊರವರೂ ಪಂಚಾಯಿತಿಯೂ ಕೂಡಿ ಮಾಡಬೇಕಾದ ಕೆಲಸ. ಆದರೆ ಎರಡನೆಯ, ಮೂರನೆಯ ಕಾರನ್ನು ಕೊಳ್ಳುವವನು ಈ ಬಡವನ ಮಾತನ್ನು ಎರವಲು ಪಡೆಯಬಾರದು. ಮನೆ ಕಟ್ಟುವಾಗ ವಾಹನಕ್ಕೆಂದು ನಕ್ಷೆಯಲ್ಲಿ ತೋರಿಸಿದ ಜಾಗವನ್ನು ಅಂಗಡಿಯಾಗಿಸಿ ಬಾಡಿಗೆ ಪಡೆದು, ವಾಹನವನ್ನು ಬೀದಿಗೆ ಬಿಡುವುದು ಅಗತ್ಯವಲ್ಲ, ಅದು ಲೋಭ. ಪರಿಗ್ರಹಕ್ಕೆ ಪರಿಮಿತಿ ಹಾಕಿಕೊಳ್ಳುವವನು ವಸ್ತುವಿನ ಬೆಲೆಯ ಜೊತೆಗೆ ಅದು ಆಕ್ರಮಿಸುವ ಸ್ಥಳವನ್ನೂ ಎಣಿಸಬೇಕಾದ ಕಾಲವಿದು. ಜಪಾನ್ ದೇಶವು 1962ರಲ್ಲೇ ಈ ವಿಷಯದಲ್ಲಿ ಶಾಸನ ಮಾಡಿ, ಕಾರನ್ನು ನಿಲ್ಲಿಸಲು ರಸ್ತೆಯ ಹೊರಗೆ ಸ್ಥಳವುಂಟೆಂದು ತೋರಿಸಿದ ಮೇಲೆ ನೋಂದಣಿ ಮಾಡುವ ಪದ್ಧತಿಯನ್ನು ರೂಢಿಗೆ ತಂದಿತು. ಇಡುವ ಜಾಗವನ್ನು ಮೊದಲು ಯೋಚಿಸಿ, ಕೊಳ್ಳುವುದನ್ನು ಅನಂತರ ಯೋಚಿಸುವ ಕ್ರಮವದು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಕಲಮು, ಪರರಿಗೆ ಅಪಾಯ, ಅಡ್ಡಿ ಅಥವಾ ಅನುಚಿತ ತೊಂದರೆಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಲ್ಲಿಸುವುದನ್ನು ನಿಷೇಧಿಸಿದೆ. 1989ರ ರಸ್ತೆ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2017ರ ನಿಯಮಗಳೂ ಪಾದಚಾರಿ ಮಾರ್ಗದ ಮೇಲೆ ನಿಲ್ಲಿಸಕೂಡದೆಂದು ವಿಧಿಸಿವೆ. ಸಾರ್ವಜನಿಕ ದಾರಿಗೆ ಅಡ್ಡಿಮಾಡಿದವನಿಗೆ ಹಳೆಯ ದಂಡಸಂಹಿತೆಯಲ್ಲಿ 200 ರೂಪಾಯಿಯವರೆಗೆ ದಂಡವಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5,000 ರೂಪಾಯಿಯವರೆಗೆ ಏರಿದೆ. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು, ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಅಡಕವಾದುದೆಂದು ಸಾರಿತು. ಹೀಗಿದ್ದರೂ ಹೋಬಳಿ ಊರಿನ ಒಳಬೀದಿಗೆ ಪ್ರತಿ ಸಂಜೆ ಪೊಲೀಸರು ಬರಲಾರರು. ಕಾನೂನಿನ ಕಣ್ಣು ತಲುಪದ ಸ್ಥಳದಲ್ಲಿಯೇ ಆಚಾರದ ಪರೀಕ್ಷೆ ನಡೆಯುವುದು.

ಪರರಿಗಾಗಿ ವಾಹನವನ್ನು ತಡೆದು ನಿಲ್ಲಿಸುವುದು ಈ ಜಿಲ್ಲೆಗೆ ಅಪರಿಚಿತವಾದ ವಿಚಾರವೇನೂ ಅಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾಯ್ದು ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧವಿದೆ; ಕೆಲವು ಬಸ್ಸುಗಳಿಗೂ ತುರ್ತು ವಾಹನಗಳಿಗೂ ಮಾತ್ರ ವಿನಾಯಿತಿ. ಆನೆ, ಜಿಂಕೆ, ಹುಲಿಗಳು ನಿರ್ಭಯವಾಗಿ ದಾರಿ ದಾಟಲೆಂದು ವ್ಯಾಪಾರದ ನಷ್ಟವನ್ನೂ ಪ್ರಯಾಣದ ತೊಂದರೆಯನ್ನೂ ಜನ ಸಹಿಸಿಕೊಂಡಿದ್ದಾರೆ. ಮಾತು ಬಾರದ ಜೀವಿಗಳ ನಡೆಗೆ ದಾರಿ ಬಿಡಬಲ್ಲ ಸಮಾಜವು ತನ್ನ ಕೇರಿಯ ಅಜ್ಜಿಯ ನಡೆಗೆ ಮೂರು ಅಡಿ ಜಾಗವನ್ನು ಬಿಡಲಾರದೆಂದರೆ, ಕೊರತೆಯಿರುವುದು ದಯೆಯಲ್ಲಲ್ಲ, ಗಮನದಲ್ಲಿ.

ಇನ್ನು ಬಾಧೆಗೆ ಒಳಗಾದವನ ಧರ್ಮವೇನು? ಕೆಲವರು ರಾತ್ರಿ ಎದ್ದು ಚಕ್ರದ ಗಾಳಿ ತೆಗೆಯುತ್ತಾರೆ, ಬಣ್ಣವನ್ನು ಗೀರುತ್ತಾರೆ. ಅದು ಕ್ರೋಧಕಷಾಯದ ಕೆಲಸ. ಅದರಿಂದ ದಾರಿ ತೆರೆಯುವುದಿಲ್ಲ, ಎರಡು ಮನೆಗಳ ನಡುವಿನ ಬಾಗಿಲು ಮುಚ್ಚುತ್ತದೆ. ಇನ್ನು ಹಲವರು, ನೆರೆಯವರೊಡನೆ ನಿಷ್ಠುರವೇಕೆಂದು, ವರ್ಷಗಟ್ಟಲೆ ಸುಮ್ಮನಿದ್ದು ಅದನ್ನು ಕ್ಷಮೆಯೆಂದು ಕರೆದುಕೊಳ್ಳುತ್ತಾರೆ. ಆದರೆ ಭಯದಿಂದ ಹುಟ್ಟಿದ ಮೌನವು ಕ್ಷಮೆಯಲ್ಲ. ಅದು ಒಳಗೊಳಗೇ ಹುಳಿಯುತ್ತದೆ. ಮೇಲಾಗಿ ಆ ಮೌನದ ಫಲವನ್ನು ಉಣ್ಣುವವರು ಬೇರೆ: ನಾವು ಸುಮ್ಮನಿದ್ದುದರಿಂದ ರಸ್ತೆಗಿಳಿಯಬೇಕಾದವರು ಆ ವೃದ್ಧೆ, ಆ ಮಗು. ಹಿತವಾಗಿ, ಮಿತವಾಗಿ, ವಾಹನವನ್ನು ಹಳಿಯದೆ ದಾರಿಯ ಅಗತ್ಯವನ್ನು ಮಾತ್ರ ಹೇಳುವುದೇ ಸರಿಯಾದ ಕ್ರಮ. ‘ಅಣ್ಣಾ, ನಮ್ಮ ತಾಯಿ ಬಸದಿಗೆ ಹೋಗುವಾಗ ಇಲ್ಲಿ ಕೆಳಗಿಳಿಯಲು ಹೆದರುತ್ತಾರೆ, ಸ್ವಲ್ಪ ಮುಂದಕ್ಕೆ ನಿಲ್ಲಿಸಿದರೆ ಉಪಕಾರವಾದೀತು’ ಎಂಬ ಮಾತಿಗೆ ಸಿಟ್ಟಾಗುವವರು ತೀರ ವಿರಳ. ಎಷ್ಟೋ ಮಂದಿಗೆ ತಮ್ಮ ವಾಹನದ ಹಿಂದೆ ಇಂತಹ ಒಬ್ಬರು ಇದ್ದಾರೆಂಬುದೇ ತಿಳಿದಿರುವುದಿಲ್ಲ.

ಮದುವೆಯ ಚಪ್ಪರವೂ ಬೀದಿಗೆ ಅಡ್ಡವಾಗುತ್ತದಲ್ಲ, ರಥೋತ್ಸವವೂ ದಾರಿಯನ್ನು ತಡೆಯುತ್ತದಲ್ಲ ಎಂದು ಕೇಳಬಹುದು. ಅಲ್ಲಿ ನೆರೆಹೊರೆಯವರಿಗೆ ಮೊದಲೇ ತಿಳಿಸಲಾಗಿರುತ್ತದೆ, ಅವರೂ ಅದರಲ್ಲಿ ಪಾಲುಗೊಳ್ಳುತ್ತಾರೆ, ಮರುದಿನ ಕಂಬಗಳನ್ನು ಕಿತ್ತು ಬೀದಿಯನ್ನು ಬೀದಿಗೆ ಒಪ್ಪಿಸಲಾಗುತ್ತದೆ. ಕೇಳಿ ಪಡೆದದ್ದಕ್ಕೂ ಕೇಳದೆ ಹಿಡಿದದ್ದಕ್ಕೂ ಇರುವ ಅಂತರವಿದು.

ಸದ್ಗೃಹಸ್ಥನು ಇದಕ್ಕಾಗಿ ಹೊಸ ವ್ರತವನ್ನೇನೂ ಹಿಡಿಯಬೇಕಾಗಿಲ್ಲ. ವಾಹನವನ್ನು ನಿಲ್ಲಿಸಿ ಇಳಿದ ಮೇಲೆ, ಬೀಗ ಹಾಕುವ ಮುನ್ನ, ಗೋಡೆಗೂ ಅದಕ್ಕೂ ನಡುವೆ ತಾನೇ ಒಮ್ಮೆ ನಡೆದುಹೋಗಲಿ. ಕೈಯಲ್ಲಿ ನೀರಿನ ಬಿಂದಿಗೆಯಿದ್ದಿದ್ದರೆ, ಕಂಕುಳಲ್ಲಿ ಮಗುವಿದ್ದಿದ್ದರೆ, ಮೊಣಕಾಲು ನೋಯುತ್ತಿದ್ದಿದ್ದರೆ ಹೀಗೆಯೇ ಹೋಗಬಹುದಾಗಿತ್ತೆ ಎಂದು ಕೇಳಿಕೊಳ್ಳಲಿ. ನಡುರಾತ್ರಿ ಆಂಬುಲೆನ್ಸು ಬಂದರೆ ಬೀದಿಯ ಕೊನೆಯ ಮನೆಯನ್ನು ಮುಟ್ಟೀತೆ ಎಂದು ನೋಡಲಿ. ಉತ್ತರವು ಸಮಾಧಾನಕರವಾಗಿದ್ದರೆ ಒಳಗೆ ಹೋಗಿ ಮಲಗಲಿ. ಇಲ್ಲವಾದರೆ ಮತ್ತೆ ಹತ್ತಿ, ಐವತ್ತು ಗಜ ದೂರದಲ್ಲಿ ನಿಲ್ಲಿಸಿ, ಅಷ್ಟು ದೂರ ತಾನೇ ನಡೆದು ಬರಲಿ. ಆ ಐವತ್ತು ಗಜದ ನಡಿಗೆಯಲ್ಲಿ ಅವನಿಗೆ ಬೀದಿಯ ಅಂಚು ಯಾರದೆಂಬುದು ತಿಳಿಯುತ್ತದೆ.